ಮೇಲುಕೋಟೆಯ ತೋಳ ಇದೆಯಾ, ಇಲ್ವಾ?

ಮಂಡ್ಯ ಜಿಲ್ಲೆ ಅಂದ್ರೆ ನಮ್ಮ ನ್ಯೂಸ್ ಚಾನೆಲ್‌ಗಳಿಗೆ ಮೂರೇ ಸುದ್ದಿ. ರಾಜಕೀಯ, ಕಬ್ಬು, ಕೆ.ಆರ್.ಎಸ್. ನೀರಿನ ಮಟ್ಟ. ಇವತ್ತು ಈ ಮೂರನ್ನೂ ಸ್ವಲ್ಪ ಪಕ್ಕಕ್ಕಿಟ್ಟು, ಅದೇ ಜಿಲ್ಲೆಯ ಇನ್ನೊಂದು ಪ್ರಶ್ನೆ ಎತ್ಕೋತೀನಿ. ಮೇಲುಕೋಟೆ ಕಾಡಲ್ಲಿ ತೋಳ ಇನ್ನೂ ಇದೆಯಾ?

ನಗಬೇಡಿ. ಇದು ಅಜ್ಜಿ ಕಥೆಯ ತೋಳ ಅಲ್ಲ, ಸರ್ಕಾರಿ ಗೆಜೆಟ್‌ನ ತೋಳ.

ಆ ಸೀಮೆಯಲ್ಲಿ ಜನರ ಬಾಯಲ್ಲಿರೋ ಧಾಮಗಳು ಮೂರು. ಶ್ರೀರಂಗಪಟ್ಟಣ ತಾಲೂಕಲ್ಲಿ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮ ಆಗಿದ್ದು. ದೋಣಿ ಹತ್ತಿದ್ರೆ ಸಾಕು, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಕಣ್ಣೆದುರಿಗೇ ಕೂತಿರುತ್ತವೆ. ನಾಗಮಂಗಲ ತಾಲೂಕಲ್ಲಿ ಆದಿಚುಂಚನಗಿರಿ ನವಿಲುಧಾಮ, 1981ರದ್ದು. ಮೂರನೆಯದು ಮೇಲುಕೋಟೆ ದೇವಸ್ಥಾನ ವನ್ಯಧಾಮ. ಘೋಷಣೆ ಆಗಿದ್ದು 1974ರಲ್ಲಿ. ವಿಸ್ತೀರ್ಣ 49.82 ಚದರ ಕಿಲೋಮೀಟರ್, ಅಂದ್ರೆ ಹೆಚ್ಚೂಕಮ್ಮಿ 12 ಸಾವಿರ ಎಕರೆ. ಪಾಂಡವಪುರ ತಾಲೂಕಿನ ಮುಡಿಬೆಟ್ಟದ ಕಡೆ ಒಂದು ಭಾಗ, ಕೆ.ಆರ್.ಪೇಟೆ ಕಡೆ ನಾರಾಯಣದುರ್ಗದ ಸುತ್ತ ಇನ್ನೊಂದು ಭಾಗ. ಯಾತಕ್ಕೋಸ್ಕರ ಮಾಡಿದ್ದು? ಮುಖ್ಯವಾಗಿ ತೋಳಕ್ಕೋಸ್ಕರ.

ರಂಗನತಿಟ್ಟಿಗೆ ಹೋದವರು ಹಕ್ಕಿ ನೋಡಿಕೊಂಡು ಬರ್ತಾರೆ. ಆದಿಚುಂಚನಗಿರಿಗೆ ಹೋದವರಿಗೆ ನವಿಲಿನ ಕೂಗಾದರೂ ಕೇಳಿಸುತ್ತೆ. ಮೇಲುಕೋಟೆಗೆ ಹೋದವರು ಚೆಲುವನಾರಾಯಣನ ದರ್ಶನ ಮಾಡ್ತಾರೆ, ಪುಳಿಯೋಗರೆ ತಿಂತಾರೆ, ರಾಯಗೋಪುರದ ಮುಂದೆ ಫೋಟೋ ತೆಗೆಸಿಕೊಳ್ತಾರೆ. ತೋಳ ನೋಡ್ಕೊಂಡು ಬಂದೆ ಅಂದವರು ಯಾರಾದ್ರೂ ನಿಮಗೆ ಗೊತ್ತಾ?

ಹಂಗಂದ ಮಾತ್ರಕ್ಕೆ ತೋಳ ಹೋಯ್ತು ಅಂತ ಬರೆದುಬಿಡಬಹುದಾ? ಇದೇ ಪ್ರಶ್ನೆ ಇಟ್ಕೊಂಡು ಅಮೆರಿಕ ಒಂದು ಮರಕುಟಿಗ ಹಕ್ಕಿಗೋಸ್ಕರ ಎಂಬತ್ತು ವರ್ಷದಿಂದ ಒದ್ದಾಡ್ತಿದೆ. ಆ ಕಥೆ ಮೊದಲು ಕೇಳಿ. ಅದರಲ್ಲಿ ನಮಗೆ ಬೇಕಾದ ಪಾಠ ಇದೆ.

ಆ ಹಕ್ಕಿಯ ಹೆಸರು ಐವರಿ ಬಿಲ್ಡ್ ವುಡ್‌ಪೆಕರ್. ದಂತದ ಬಣ್ಣದ ಕೊಕ್ಕಿನ ಮರಕುಟಿಗ. ತಲೆಯಿಂದ ಬಾಲದವರೆಗೆ ಅರ್ಧ ಮೀಟರ್ ಉದ್ದ. ನೋಡಿದವರ ಬಾಯಿಂದ 'ಅಯ್ಯೋ ದೇವರೇ' ಅನ್ನೋ ಉದ್ಗಾರ ಬರ್ತಿತ್ತಂತೆ. ಅದಕ್ಕೇ ಹಳ್ಳಿಯವರು ಅದನ್ನ 'ಲಾರ್ಡ್ ಗಾಡ್ ಬರ್ಡ್' ಅಂತ ಕರೀತಿದ್ರು. ಇದಕ್ಕೆ ಬೇಕಾಗಿದ್ದು ದಕ್ಷಿಣ ಅಮೆರಿಕ ಖಂಡದ ಕಾಡಲ್ಲ, ಅಮೆರಿಕ ದೇಶದ ದಕ್ಷಿಣ ರಾಜ್ಯಗಳ ಹಳೇ ಜೌಗು ಕಾಡು. ದೊಡ್ಡ ಮರ, ಒಣಗಿ ನಿಂತ ಮರ, ಅದರ ತೊಗಟೆ ಒಳಗಿನ ಹುಳ.

ಕೊನೇ ಕಾಲಕ್ಕೆ ಅದು ಉಳಿದಿದ್ದ ಒಂದು ಮುಖ್ಯ ಕಾಡು ಲೂಸಿಯಾನಾ ರಾಜ್ಯದಲ್ಲಿತ್ತು. ಸಿಂಗರ್ ಟ್ರ್ಯಾಕ್ಟ್ ಅಂತ ಹೆಸರು. ಯಾವ ಸಿಂಗರ್? ನಮ್ಮೂರ ಟೈಲರ್ ಅಂಗಡಿಯಲ್ಲಿ ಕಾಲಲ್ಲಿ ತುಳಿದು ಓಡಿಸ್ತಿದ್ರಲ್ಲ, ಅದೇ ಸಿಂಗರ್ ಹೊಲಿಗೆ ಮೆಷಿನ್ ಕಂಪನಿ. ಕಾಡು ಅವರದ್ದು. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಅಲ್ಲಿಗೆ ಹೋಗಿ ಆ ಹಕ್ಕಿಯ ಧ್ವನಿ ರೆಕಾರ್ಡ್ ಮಾಡಿತು, ಫಿಲ್ಮ್ ತೆಗೀತು. ಆಮೇಲೆ ಮರ ಕಡಿಯುವ ಹಕ್ಕು ಇನ್ನೊಂದು ಕಂಪನಿಗೆ ಹೋಯ್ತು. ಎರಡನೇ ಮಹಾಯುದ್ಧ ನಡೀತಿದ್ದ ಕಾಲ, ಮರಕ್ಕೆ ಬೇಡಿಕೆ. ಬಿಟ್ಟುಬಿಡಿ ಅಂತ ರಾಜ್ಯಪಾಲರು ಕೇಳಿಕೊಂಡ್ರೂ ಕೊಡಲಿ ನಿಲ್ಲಲಿಲ್ಲ. 1944ರ ಏಪ್ರಿಲ್‌ನಲ್ಲಿ ಡಾನ್ ಎಕಲ್‌ಬೆರಿ ಅನ್ನೋ ಚಿತ್ರಕಾರ ಅಲ್ಲಿ ಒಂದೇ ಒಂದು ಹೆಣ್ಣು ಹಕ್ಕಿ ನೋಡಿ ಚಿತ್ರ ಬರ್ಕೊಂಡು ಬಂದ. ಎಲ್ಲರೂ ಒಪ್ಪಿಕೊಳ್ಳುವ ಕೊನೆಯ ದರ್ಶನ ಅದೇ.

ಅರವತ್ತು ವರ್ಷ ಕಳೀತು. 2004ರಲ್ಲಿ ಅರ್ಕಾನ್ಸಾ ರಾಜ್ಯದ ಜೌಗಿನಲ್ಲಿ ದೋಣಿ ಹೋಗ್ತಿದ್ದ ಒಬ್ಬರು, ಕಂಡೆ ಅಂದ್ರು. ಅದೇ ಏಪ್ರಿಲ್‌ನಲ್ಲಿ ನಾಲ್ಕು ಸೆಕೆಂಡಿನ ಒಂದು ಮಸುಕು ವಿಡಿಯೋ ಸಿಕ್ತು. 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಬಂಧ ಬಂತು, ಹಕ್ಕಿ ಬದುಕಿದೆ ಅಂತ. ಪ್ರಪಂಚದ ಟಿವಿಗಳೆಲ್ಲ ಹಬ್ಬ ಮಾಡಿದವು. ಮರು ವರ್ಷವೇ ಬೇರೆ ತಜ್ಞರು ಅದೇ ವಿಡಿಯೋ ಫ್ರೇಮ್ ಫ್ರೇಮ್ ಬಿಡಿಸಿ, 'ಇದು ಪೈಲಿಯೇಟೆಡ್ ಅನ್ನೋ ಸಾಮಾನ್ಯ ಮರಕುಟಿಗ' ಅಂದ್ರು. ಎರಡೂ ಕಪ್ಪು ಬಿಳಿ, ಎರಡಕ್ಕೂ ಕೆಂಪು ಜುಟ್ಟು. ಹಾರುವಾಗ ದೂರದಿಂದ ನೋಡಿದ್ರೆ ಏಮಾರೋದು ಸುಲಭ.

2021ರಲ್ಲಿ ಅಲ್ಲಿನ ಸರ್ಕಾರ 23 ಜೀವಿಗಳನ್ನ ಅಳಿದುಹೋದವು ಅಂತ ಘೋಷಿಸುವ ಪ್ರಸ್ತಾವ ಇಟ್ಟಿತು. ಈ ಹಕ್ಕಿಯೂ ಆ ಪಟ್ಟಿಯಲ್ಲಿತ್ತು. 2023ರ ಅಕ್ಟೋಬರ್‌ನಲ್ಲಿ ಅಂತಿಮ ಆದೇಶ ಬಂದಾಗ 21 ಜೀವಿಗಳ ಹೆಸರಿತ್ತು. ಮರಕುಟಿಗದ ಹೆಸರು ಇರಲಿಲ್ಲ. ಇನ್ನೂ ಪರಿಶೀಲಿಸ್ತೀವಿ ಅಂದ್ರು.

ಒಂದು ಹಕ್ಕಿಗೆ ಯಾಕಿಷ್ಟು ತಕರಾರು? ಯಾಕಂದ್ರೆ 'ಇಲ್ಲ' ಅಂತ ಒಂದು ಸಲ ಬರೆದುಬಿಟ್ಟರೆ ಹುಡುಕೋದು ನಿಲ್ಲುತ್ತೆ, ದುಡ್ಡು ನಿಲ್ಲುತ್ತೆ, ಅದರ ಹೆಸರು ಹೇಳಿಕೊಂಡು ಉಳಿಸಿದ್ದ ಕಾಡಿನ ಬೆನ್ನಿಗೆ ಯಾರೂ ಇರಲ್ಲ. ಎದುರು ವಾದವೂ ಗಟ್ಟಿಯಾಗೇ ಇದೆ. ಇಲ್ಲದ ಹಕ್ಕಿ ಹುಡುಕೋಕೆ ಸುರಿಯೋ ದುಡ್ಡಲ್ಲಿ, ಕಣ್ಣೆದುರಿಗೆ ಸಾಯ್ತಿರೋ ಬೇರೆ ಹಕ್ಕಿ ಉಳಿಸಬಹುದಲ್ವಾ ಅಂತ. ಎರಡೂ ಕಡೆಯವರು ಒಪ್ಪೋ ವಿಷಯ ಒಂದಿದೆ. ಹುಡುಕದೇ ಯಾವ ತೀರ್ಪೂ ಕೊಡಬಾರದು.

ನಾನು ಓದಿದ್ದು ಇಂಜಿನಿಯರಿಂಗ್. ಅದಕ್ಕೆ ಒಂದು ಸಣ್ಣ ಲೆಕ್ಕ ಹೇಳ್ತೀನಿ, ಪೆನ್ನು ಪೇಪರ್ ಬೇಡ. ಕಾಡಲ್ಲಿ ಒಂದು ಕ್ಯಾಮೆರಾ ಕಟ್ಟಿದ್ದೀರಿ. ಪ್ರಾಣಿ ಅಲ್ಲಿ ಇದ್ದೇ ಇದೆ ಅಂತಿಟ್ಕೊಳ್ಳಿ, ಒಂದು ರಾತ್ರಿಗೆ ಅದು ಕ್ಯಾಮೆರಾ ಮುಂದೆ ಬರುವ ಸಾಧ್ಯತೆ ಹತ್ತರಲ್ಲಿ ಒಂದು. ಹತ್ತು ರಾತ್ರಿ ಕ್ಯಾಮೆರಾ ಇಟ್ಟರೂ ಅದು ಒಮ್ಮೆಯೂ ಸಿಗದೇ ಇರುವ ಸಾಧ್ಯತೆ ಶೇ. 35. ಮೂವತ್ತು ರಾತ್ರಿ ಇಟ್ಟರೆ ಅದು ಶೇ. 4ಕ್ಕೆ ಇಳಿಯುತ್ತೆ. ಆಗ 'ಇಲ್ಲ' ಅನ್ನೋದಕ್ಕೆ ಒಂದು ತೂಕ ಬರುತ್ತೆ. ಆದರೆ ಪ್ರಾಣಿ ತುಂಬಾ ಅಪರೂಪ, ಸಾಧ್ಯತೆ ನೂರರಲ್ಲಿ ಒಂದು ಅಂತಾದ್ರೆ? ಅದೇ ಮೂವತ್ತು ರಾತ್ರಿ ಕಾದರೂ ತಪ್ಪಿಹೋಗುವ ಸಾಧ್ಯತೆ ಶೇ. 74. ಇನ್ನು ಕ್ಯಾಮೆರಾ ಕಟ್ಟಿದ ಜಾಗವೇ ತಪ್ಪಾಗಿದ್ರೆ ಮೂರು ವರ್ಷ ಕಾದರೂ ಉತ್ತರ ಸೊನ್ನೆ. ಹಾಗಾಗಿ 'ಕಾಣಲಿಲ್ಲ' ಅಂದವರನ್ನ ಮೂರು ಪ್ರಶ್ನೆ ಕೇಳಬೇಕು. ಎಲ್ಲಿ ನೋಡಿದ್ರಿ? ಯಾವ ಹೊತ್ತಲ್ಲಿ ನೋಡಿದ್ರಿ? ಎಷ್ಟು ದಿನ ನೋಡಿದ್ರಿ?

ಇದಕ್ಕೆ ನಮ್ಮ ದೇಶದಲ್ಲೇ ಎರಡು ಉದಾಹರಣೆ ಇವೆ.

ಮೊದಲನೆಯದು ಫಾರೆಸ್ಟ್ ಔಲೆಟ್ ಅನ್ನೋ ಪುಟ್ಟ ಗೂಬೆ. 1884ರ ನಂತರ ಪತ್ತೆ ಇಲ್ಲ. ಮಧ್ಯದಲ್ಲಿ ಬ್ರಿಟಿಷ್ ಸೇನಾಧಿಕಾರಿ ಮೈನರ್ಟ್ಜ್‌ಹಾಗನ್, 1914ರಲ್ಲಿ ಗುಜರಾತಿನ ಕಡೆ ನಾನೊಂದು ಹಿಡಿದೆ ಅಂತ ಮ್ಯೂಸಿಯಂಗೆ ಕೊಟ್ಟಿದ್ದ. ಅದನ್ನ ನಂಬಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ಕೊನೆಗೆ ಗೊತ್ತಾಗಿದ್ದೇನು? ಆತ ಮ್ಯೂಸಿಯಂನ ಹಳೇ ಹಕ್ಕಿಯನ್ನೇ ಕದ್ದು, ಸುಳ್ಳು ಚೀಟಿ ಅಂಟಿಸಿ ಕೊಟ್ಟಿದ್ದ. ಪಮೇಲಾ ರಾಸ್ಮುಸನ್ ಮತ್ತು ಜೊತೆಗಾರರು ಆ ಸುಳ್ಳನ್ನ ಬದಿಗೆ ಸರಿಸಿ, ನಿಜವಾದ ಹಳೇ ದಾಖಲೆಗಳ ಜಾಡು ಹಿಡಿದು ಹೋದ್ರು. 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಕೂತಿತ್ತು. 113 ವರ್ಷ ಆದ ಮೇಲೆ!

ಎರಡನೆಯದು ನಮ್ಮ ಪಕ್ಕದ ಆಂಧ್ರದ ಕಡಪದ್ದು. ಜೆರ್ಡಾನ್ಸ್ ಕೋರ್ಸರ್ ಅನ್ನೋ ನೆಲದ ಹಕ್ಕಿ. 1900ರ ನಂತರ ಪುಸ್ತಕಗಳಲ್ಲಿ ಅದು ಸತ್ತೇಹೋಗಿತ್ತು. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅದನ್ನ ಮತ್ತೆ ಪತ್ತೆ ಮಾಡಿದ್ರು. ಕೈಗೆ ತಂದುಕೊಟ್ಟಿದ್ದು ಒಬ್ಬ ಸ್ಥಳೀಯ ಬೇಟೆಗಾರ, ಅದೂ ರಾತ್ರಿ ಹೊತ್ತಲ್ಲಿ ಟಾರ್ಚ್ ಬೆಳಕಿಗೆ. ಅದು ರಾತ್ರಿ ಓಡಾಡೋ ಹಕ್ಕಿ. ಆ ಊರಿನವರ ಬಾಯಲ್ಲಿ ಅದಕ್ಕೆ ಹೆಸರೂ ಇತ್ತು, 'ಕಲಿವಿಕೋಡಿ' ಅಂತ. ವಿಜ್ಞಾನಕ್ಕೆ ಕಳೆದುಹೋದದ್ದು ಊರಿಗೆ ಕಳೆದುಹೋಗಿರಲಿಲ್ಲ. ಹೋಗಿ ಕೇಳಿದವರು ಇರಲಿಲ್ಲ, ಅಷ್ಟೇ.

ಈಗ ಈ ಎರಡೂ ಪಾಠ ಇಟ್ಕೊಂಡು ಮೇಲುಕೋಟೆಗೆ ವಾಪಸ್ ಬನ್ನಿ. ಎಲ್ಲಿ ಹುಡುಕಬೇಕು?

ಎಲ್ಲರೂ ಹೇಳೋದು, ವನ್ಯಧಾಮದ ಒಳಗೆ. ಇಲ್ಲೇ ಇರೋದು ಎಡವಟ್ಟು. ಭಾರತದ ತೋಳ ದಟ್ಟ ಕಾಡಿನ ಪ್ರಾಣಿ ಅಲ್ಲ. ಕುರುಚಲು, ಹುಲ್ಲುಗಾವಲು, ಒಣ ಬೆದ್ದಲು, ಕಲ್ಲುಗುಡ್ಡ ಅದರ ಮನೆ. ಒಂದು ಗುಂಪು ಓಡಾಡೋಕೆ ಇನ್ನೂರು ಚದರ ಕಿಲೋಮೀಟರ್ ಆಸುಪಾಸು ಜಾಗ ಬೇಕು. ನಾವು 1974ರಲ್ಲಿ ಬರೆದುಕೊಟ್ಟಿದ್ದು ಎಷ್ಟು? ಐವತ್ತು, ಅದೂ ಎರಡು ತುಂಡಾಗಿ. ಅಂದ್ರೆ ಗೆಜೆಟ್ ಗೆರೆಯೊಳಗೆ ಒಂದು ಗುಂಪೂ ಬದುಕಲು ಆಗಲ್ಲ. ಮೇಲುಕೋಟೆಯಲ್ಲಿ ತೋಳ ಇತ್ತು ಅಂದ್ರೆ ಅದಕ್ಕೆ ಅನ್ನ ಹಾಕಿದ್ದು ಗೆರೆಯ ಆಚೆಯ ನೆಲ. ಪಾಂಡವಪುರದ ಗುಡ್ಡದ ಬುಡ, ಕೆ.ಆರ್.ಪೇಟೆಯ ಗೋಮಾಳ, ನಾಗಮಂಗಲದ ಕಾವಲು ಮತ್ತು ಬೆದ್ದಲು. ಅದಕ್ಕೆ ಅನ್ನ ಹಾಕಿದವರು ಯಾರು? ಕುರಿ, ಮೇಕೆ ಸಾಕೋ ಜನ. ಅವರಿಗೆ ಇಷ್ಟವಿಲ್ಲದಿದ್ರೂ!

ಆ ನೆಲಕ್ಕೆ ಈ ಐವತ್ತು ವರ್ಷದಲ್ಲಿ ಏನಾಯ್ತು? ಕಾಲುವೆ ನೀರು ಬಂತು, ತಪ್ಪಿಲ್ಲ, ರೈತನಿಗೆ ಬೇಕು. ಕಬ್ಬು ಬಂತು, ತೆಂಗು ಬಂತು. ಗುಡ್ಡಗಳಲ್ಲಿ ಕಲ್ಲು ಗಣಿ ಬಂತು. ಬೇಬಿ ಬೆಟ್ಟದ ಸ್ಫೋಟದ ಜಗಳ ನೀವು ಟಿವಿಯಲ್ಲೇ ನೋಡಿದ್ದೀರಿ. 2024ರ ಜನವರಿಯಲ್ಲಿ ಹೈಕೋರ್ಟು ಕೆ.ಆರ್.ಎಸ್. ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ನಿಷೇಧಿಸಿತು. ಅದು ಅಣೆಕಟ್ಟೆ ಬಿರುಕು ಬಿಟ್ಟೀತು ಅನ್ನೋ ಭಯಕ್ಕೆ. ಸರಿಯೇ. ಆದರೆ ಅದೇ ಗುಡ್ಡಸಾಲಿನಲ್ಲಿ ಮರಿ ಹಾಕೋ ಗವಿ ಎಷ್ಟು ಹೋದವು ಅಂತ ಲೆಕ್ಕ ಇಟ್ಟವರು ಯಾರು? ಸರ್ಕಾರಿ ಭಾಷೆಯಲ್ಲಿ ಇಂಥ ಕುರುಚಲು ನೆಲಕ್ಕೆ 'ಪಾಳುಭೂಮಿ' ಅಂತ ಹೆಸರು. ಪಾಳು ಅಂತ ಕರೆದ ಮೇಲೆ ಅಲ್ಲಿ ಬದುಕೋರು ಯಾರೂ ಲೆಕ್ಕಕ್ಕಿಲ್ಲ.

ಬದಲಾದ ನೆಲದಲ್ಲಿ ಗೆದ್ದ ಪ್ರಾಣಿಯೂ ಇದೆ. ಚಿರತೆ. ಕಬ್ಬಿನ ಗದ್ದೆ ಅದಕ್ಕೆ ಕಾಡಿದ್ದ ಹಾಗೆ. 2022ರ ಕೊನೆಯಲ್ಲಿ ಕೆ.ಆರ್.ಎಸ್. ಬೃಂದಾವನದಲ್ಲಿ ಚಿರತೆ ಕಂಡು ಪ್ರವಾಸಿಗರಿಗೆ ಗೇಟ್ ಮುಚ್ಚಿದಾಗ ಎಲ್ಲ ಚಾನೆಲ್‌ಗಳ ಕ್ಯಾಮೆರಾ ಅಲ್ಲೇ ಇತ್ತು. ಇವತ್ತು ಈ ನಾಲ್ಕು ತಾಲೂಕಲ್ಲಿ ಬೆಳಗ್ಗೆ ಎದ್ದಾಗ ಕುರಿ ಸತ್ತಿದ್ರೆ ಮೊದಲು ಬಾಯಿಗೆ ಬರೋ ಹೆಸರು ಚಿರತೆ. ಇಲ್ಲಾಂದ್ರೆ ಬೀದಿನಾಯಿ. ತೋಳ ಅನ್ನೋ ಹೆಸರೇ ನಾಲಿಗೆಗೆ ಬರಲ್ಲ. ಅಮೆರಿಕದಲ್ಲಿ ಎರಡು ಮರಕುಟಿಗಗಳ ಗೊಂದಲ ಆಯ್ತಲ್ಲ, ನಮ್ಮಲ್ಲಿ ಅದೇ ಕಥೆ. ತೋಳದ ಹೆಜ್ಜೆ, ನಾಯಿಯ ಹೆಜ್ಜೆ ಮಣ್ಣಲ್ಲಿ ಒಂದೇ ಥರ ಕಾಣುತ್ತೆ. ಮುಸ್ಸಂಜೆಯಲ್ಲಿ ಓಡಿಹೋದದ್ದು ನರಿಯೋ, ನಾಯಿಯೋ, ತೋಳವೋ ಅಂತ ಪಂಚೆ ಎತ್ತಿಕಟ್ಟಿ ಓಡುವವನು ನಿಂತು ನೋಡ್ತಾನಾ? ಮೇಲೆ ಇನ್ನೊಂದು ತೊಂದರೆ. ಪುಣೆ ಹತ್ತಿರ ತೋಳ, ನಾಯಿ ಕೂಡಿ ಹುಟ್ಟಿದ ಮಿಶ್ರತಳಿ ಇದೆ ಅಂತ 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ಒಂಟಿಯಾಗಿ ಉಳಿದ ತೋಳಕ್ಕೆ ಜೋಡಿ ಸಿಗದಿದ್ದಾಗ ಆಗೋದು ಇದೇ.

'ಹೋದ್ರೆ ಹೋಗಲಿ ಬಿಡಿ ಸಾರ್, ತೋಳ ಇಟ್ಕೊಂಡು ಏನ್ಮಾಡೋದು' ಅನ್ನೋರಿಗೂ ಒಂದು ಮಾತು. ನಿಮ್ಮ ಸಿಟ್ಟು ಸುಳ್ಳಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಏಸಿ ಹಾಕ್ಕೊಂಡು ತೋಳ ಉಳಿಸಿ ಅನ್ನೋದು ಸುಲಭ. ಹತ್ತು ಕುರಿಯಲ್ಲಿ ಮಗಳ ಫೀಸು ನೋಡಿಕೊಂಡವನಿಗೆ ಒಂದು ರಾತ್ರಿಯಲ್ಲಿ ಮೂರು ಹೋದ್ರೆ ಏನು ಅಂತ ಅವನಿಗೇ ಗೊತ್ತು. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳ ದಾಳಿಗೆ ಮಕ್ಕಳು ಸತ್ತರು. ಅದನ್ನೂ ಮುಚ್ಚಿಡಬಾರದು. ಆದರೆ ಟಿವಿಯಲ್ಲಿ ತೋಳ ಬಂದಿದ್ದು ಆಗ ಮಾತ್ರ. ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗೆ ಆಯ್ತು. ಇಡೀ ದೇಶದಲ್ಲಿ ಉಳಿದಿರೋದು ಸುಮಾರು 3 ಸಾವಿರ ತೋಳ. ಹುಲಿಗಿಂತ ಕಮ್ಮಿ. ಪ್ರಪಂಚದ ತೋಳಗಳಲ್ಲೇ ಇದು ಬಹಳ ಪುರಾತನ ಕವಲು ಅಂತ 2021ರ ಜೀನೋಮ್ ಅಧ್ಯಯನ ಹೇಳಿದೆ. ಕಾನೂನಿನಲ್ಲಿ ಹುಲಿ ಇರುವ ಮೊದಲ ಪರಿಚ್ಛೇದದಲ್ಲೇ ಇದೂ ಇದೆ. ಹುಲಿಗೆ ಸಿಗುವ ದುಡ್ಡು, ಗಮನದಲ್ಲಿ ಇದಕ್ಕೆ ಪಾಲು ಎಲ್ಲಿದೆ?

ಇನ್ನೊಂದು ಎಚ್ಚರಿಕೆ ರಾಣೆಬೆನ್ನೂರಿನದು. ಅದೇ 1974ರಲ್ಲಿ ಅಲ್ಲೂ ವನ್ಯಧಾಮ ಆಯ್ತು. ಕೃಷ್ಣಮೃಗಕ್ಕೆ, ಮತ್ತು ಎರೆಭೂತ ಅಂತ ಕರೆಯೋ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ. ಧಾಮ ಉಳೀತು, ಎರೆಭೂತ ಉಳೀಲಿಲ್ಲ. ಇವತ್ತು ರಾಜ್ಯದಲ್ಲಿ ಆ ಹಕ್ಕಿಗೆ ಉಳಿದಿರೋದು ಬಳ್ಳಾರಿಯ ಸಿರುಗುಪ್ಪ ಕಡೆ, ಅದೂ ಬೆರಳೆಣಿಕೆ. ಬೋರ್ಡು ಇದ್ದ ಮಾತ್ರಕ್ಕೆ ಹಕ್ಕಿ ಇರಲ್ಲ. ಅದೇ ರೀತಿ, ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮ ಅಂತ ಈಚೆಗೆ ಸುದ್ದಿ ಆದಾಗ ನಾವೆಲ್ಲ ಖುಷಿಪಟ್ಟೆವು. ಐವತ್ತು ವರ್ಷ ಹಿಂದೆಯೇ ತೋಳಕ್ಕಾಗಿ ಮಾಡಿದ ಧಾಮ ಮಂಡ್ಯದಲ್ಲಿದೆ ಅನ್ನೋದು ಎಷ್ಟು ಜನಕ್ಕೆ ನೆನಪಾಯ್ತು?

ಹಾಗಾದ್ರೆ ಏನು ಮಾಡಬೇಕು? ನಾನು ಕೇಳೋದು ದೊಡ್ಡ ಯೋಜನೆ ಅಲ್ಲ.

ಒಂದು ಚಳಿಗಾಲ ಪೂರ್ತಿ, ಸರಿಯಾಗಿ ಹುಡುಕಿ. ನಮ್ಮ ತೋಳ ಹೆಚ್ಚಾಗಿ ಮರಿ ಹಾಕೋದು ಚಳಿಗಾಲದಲ್ಲಿ, ಆಗ ಗವಿ ಬಿಟ್ಟು ದೂರ ಹೋಗಲ್ಲ. ವನ್ಯಧಾಮದ ಒಳಗೆ ಮಾತ್ರ ಅಲ್ಲ, ಶ್ರೀರಂಗಪಟ್ಟಣದ ಕರಿಘಟ್ಟದಿಂದ ನಾಗಮಂಗಲದ ಗಡಿವರೆಗೆ ನಾಲ್ಕೂ ತಾಲೂಕಿನ ಗುಡ್ಡ, ಗೋಮಾಳ, ಕಾವಲು ಹುಡುಕಿ. ಹೆಜ್ಜೆ ನೋಡಿ ಜಗಳ ಆಡೋದು ಬೇಡ. ಹಿಕ್ಕೆ ಎತ್ತಿ ಹೈದರಾಬಾದಿನ ಸಿಸಿಎಂಬಿಯಂಥ ಪ್ರಯೋಗಾಲಯಕ್ಕೆ ಕಳಿಸಿದ್ರೆ ತೋಳವೋ, ನಾಯಿಯೋ, ಮಿಶ್ರತಳಿಯೋ ಅಂತ ಡಿಎನ್‌ಎ ಹೇಳುತ್ತೆ. ರಾತ್ರಿ ಊಳಿಡೋ ಧ್ವನಿ ರೆಕಾರ್ಡ್ ಮಾಡಿ ಗುರುತಿಸುವ ಕೆಲಸವೂ ನಮ್ಮ ದೇಶದಲ್ಲೇ ನಡೆದಿದೆ.

ಎರಡನೆಯದು, ಕುರಿ ಸತ್ತಾಗ ಕೊಂದಿದ್ದು ಯಾವುದು ಅಂತ ಸರಿಯಾಗಿ ಬರೆದುಕೊಳ್ಳಿ, ಪರಿಹಾರ ಬೇಗ ಕೊಡಿ. ತೋಳ ಅಂತ ಹೇಳಿದವನನ್ನ ಆಫೀಸಿಂದ ಆಫೀಸಿಗೆ ಅಲೆಸಿದ್ರೆ ಮುಂದಿನ ಸಲ ಅವನು ಹೇಳಲ್ಲ. ಸತ್ತ ಕುರಿಗೆ ವಿಷ ಹಾಕಿಟ್ಟು ಸುಮ್ಮನಾಗ್ತಾನೆ. ಆಗ ತೋಳವೂ ಹೋಗುತ್ತೆ, ಅದು ಇತ್ತು ಅನ್ನೋ ಸಾಕ್ಷಿಯೂ ಹೋಗುತ್ತೆ.

ಮೂರನೆಯದು, ಉತ್ತರ ಬರೋವರೆಗೆ ಧಾಮದ ಸುತ್ತಲಿನ ಗೋಮಾಳ, ಗುಡ್ಡಗಳನ್ನ ಇನ್ನೊಂದು ಕೆಲಸಕ್ಕೆ ಬರೆದುಕೊಡಬೇಡಿ. ಆ ನೆಲ ಉಳಿದರೆ ತೋಳ ಇಲ್ಲದಿದ್ರೂ ನಷ್ಟ ಇಲ್ಲ, ಕುರಿಗೆ ಹುಲ್ಲು ಸಿಗುತ್ತೆ. ಆ ನೆಲ ಹೋದ ಮೇಲೆ ತೋಳ ಸಿಕ್ಕಿದ್ರೆ ಅದನ್ನ ಇಟ್ಕೊಳ್ಳೋದು ಎಲ್ಲಿ? ಆ ಮರಕುಟಿಗಕ್ಕೆ ಆದದ್ದು ಅದೇ. ಹಕ್ಕಿಗೆ ಮುಂಚೆ ಮರ ಹೋಯ್ತು.

ಕೊನೆಯದು, ಉತ್ತರ ಏನೇ ಬಂದರೂ ಜನರ ಮುಂದೆ ಇಡಿ. ಇದೆ ಅಂದ್ರೆ ಕುರಿಗಾಹಿಗಳನ್ನ ಕೂರಿಸಿಕೊಂಡು ಮುಂದಿನ ದಾರಿ ಮಾತಾಡಿ. ಇಲ್ಲ ಅಂದ್ರೆ 'ಇಲ್ಲಿ ತೋಳ ಇತ್ತು, ನಾವು ಉಳಿಸಿಕೊಳ್ಳಲಿಲ್ಲ' ಅಂತ ಆ ಬೋರ್ಡಿನಲ್ಲಿ ಬರೆಸಿ. ವೈರಮುಡಿಗೆ ಬರೋ ಲಕ್ಷಾಂತರ ಜನ ಓದಲಿ.

ನಾಲ್ಕೂ ತಾಲೂಕಿನ ಶಾಸಕರಲ್ಲಿ ಒಬ್ಬರಾದ್ರೂ ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಿ, ಮೇಲುಕೋಟೆಯಲ್ಲಿ ತೋಳದ ಗಣತಿ ಕೊನೇ ಸಲ ಯಾವಾಗ ನಡೆದದ್ದು, ಎಲ್ಲೆಲ್ಲಿ, ಎಷ್ಟು ದಿನ ಅಂತ ಕೇಳಬೇಕು. ಲಿಖಿತ ಉತ್ತರ ಕೊಡೋದು ಸರ್ಕಾರದ ಕೆಲಸ. ಮತ್ತೆ ಈ ಕಾರ್ಯಕ್ರಮ ನೋಡ್ತಿರೋ ಕೆ.ಆರ್.ಪೇಟೆ, ನಾಗಮಂಗಲ ಕಡೆಯವರು ಇವತ್ತು ರಾತ್ರಿ ಊಟಕ್ಕೆ ಕೂತಾಗ ಕುರಿ ಕಾಯ್ತಿದ್ದ ನಿಮ್ಮ ತಾತನನ್ನೋ, ದೊಡ್ಡಪ್ಪನನ್ನೋ ಕೇಳಿ. ತೋಳ ಕೊನೇ ಸಲ ಯಾವ ಗುಡ್ಡದಲ್ಲಿ ಕೂಗಿದ್ದು, ಯಾವ ವರ್ಷ? ಅವರು ಹೇಳಿದ ಜಾಗ, ಕಾಲ ಒಂದು ಹಾಳೆಯಲ್ಲಿ ಬರೆದಿಡಿ. ಹುಡುಕೋಕೆ ಹೋಗೋರಿಗೆ ಮೊದಲ ನಕ್ಷೆ ಅದೇ ಆಗುತ್ತೆ.